ಕೊಡುವ ಮುನ್ನ, ನಂಬುವ ಮುನ್ನ: ದಾವಣಗೆರೆಯವರಿಗೊಂದು ಮಾರ್ಗದರ್ಶಿ

ಪಿ.ಬಿ. ರಸ್ತೆಯ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವಾಗ ಮೊದಲು ಕೇಳುವುದು ಮೊಬೈಲ್ ನಂಬರ್. ಜೆರಾಕ್ಸ್ ಅಂಗಡಿಗೆ ಹೋದರೆ ಆಧಾರ್ ಫೈಲನ್ನು ಅವರ ನಂಬರಿಗೆ ವಾಟ್ಸಾಪ್ ಮಾಡಿ ಅನ್ನುತ್ತಾರೆ. ದೀಪಾವಳಿ ಹೊತ್ತಿಗೆ ಲಕ್ಕಿ ಡ್ರಾ ಕೂಪನ್ನಿನಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲ ಬರೆದು ಡಬ್ಬಿಗೆ ಹಾಕುತ್ತೇವೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಮಗಳ ಅಂಕಪಟ್ಟಿಯನ್ನೇ ಸ್ಟೇಟಸ್‌ಗೆ ಏರಿಸುತ್ತೇವೆ. ಒಂದೊಂದಾಗಿ ನೋಡಿದರೆ ಯಾವುದೂ ದೊಡ್ಡದಲ್ಲ. ಆದರೆ ಇವೆಲ್ಲ ಒಂದೇ ಕಡೆ ಸೇರಿದರೆ, ನಿಮ್ಮ ಮುಖವನ್ನೇ ನೋಡದವನು ನಿಮ್ಮ ಹೆಸರು ಹಿಡಿದು, ಮನೆಯವರ ಕ್ಷೇಮ ಕೇಳಿ ಮಾತು ಶುರು ಮಾಡಬಲ್ಲ.

ಫೋನಿನಲ್ಲಿ ಮೋಸ ಹೋದವರ ಹತ್ತಿರ ಕೂತು ಕೇಳಿ. ಬಹಳ ಜನ ಹೇಳುವುದು ಇದನ್ನೇ: "ಅವರಿಗೆ ನನ್ನ ಹೆಸರು, ಬ್ಯಾಂಕು, ಸಾಲ ಎಲ್ಲಾ ಗೊತ್ತಿತ್ತು ರೀ. ಅದಕ್ಕೇ ನಂಬಿದೆ." ಮಾಹಿತಿ ಸೋರುವುದು ಮತ್ತು ಮನಸ್ಸು ತಿರುಗುವುದು ಎರಡು ಬೇರೆ ತೊಂದರೆ ಅಂತ ನಾವು ತಿಳಿದಿದ್ದೇವೆ. ಆದರೆ ಮೊದಲನೆಯದೇ ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆ. ನಿಮ್ಮ ಬಗ್ಗೆ ಎಷ್ಟು ಗೊತ್ತಿದೆಯೋ ಅಷ್ಟು ಸುಲಭವಾಗಿ ನಿಮ್ಮನ್ನು ಹೆದರಿಸಬಹುದು, ಆಸೆ ಹುಟ್ಟಿಸಬಹುದು, ಸಿಟ್ಟಿಗೆಬ್ಬಿಸಬಹುದು. ಹಾಗಾಗಿ ಮೊದಲು ಹೊರಗೆ ಹೋಗುವುದನ್ನು ಕಡಿಮೆ ಮಾಡೋಣ. ಆಮೇಲೆ ಒಳಗೆ ಬರುವುದನ್ನು ನೋಡೋಣ.

"ಮುಚ್ಚಿಡೋಕೆ ನನ್ನ ಹತ್ರ ಏನಿದೆ?" ಅಂತ ಕೇಳುವವರಿಗೆ ಒಂದು ಮಾತು. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತು ದಾಟಿದ ವಯಸ್ಸಿನಲ್ಲಿ, ಇದೇ ವಿಷಯ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ತೀರ್ಪು ಕೊಟ್ಟಿತು. ತಪ್ಪು ಮಾಡಿದವರಿಗೆ ಮಾತ್ರ ಬೇಕಾದ ಹಕ್ಕಲ್ಲ ಅದು. "ಇದು ಯಾಕೆ ಬೇಕು?" ಅಂತ ಕೌಂಟರಿನಲ್ಲಿ ಕೇಳುವಾಗ ನಿಮ್ಮ ಬೆನ್ನಿಗೆ ಆ ತೀರ್ಪು ಇದೆ.

ಹೆಜ್ಜೆ 1: ಈಗಾಗಲೇ ಏನೇನು ಹೊರಗಿದೆ ನೋಡಿ

ಒಂದು ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮೊದಲು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣ ತೆರೆಯಿರಿ. ನಿಮ್ಮ ನಂಬರ್ ಹಾಕಿ ಒಟಿಪಿ ಕೊಟ್ಟರೆ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಅಂತ ಪಟ್ಟಿ ಬರುತ್ತದೆ. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ಗುರುತು ಮಾಡಿ ತಿಳಿಸಬಹುದು. ಎಂದೋ ಕೊಟ್ಟ ಆಧಾರ್ ಪ್ರತಿಯಿಂದ ಇನ್ನೊಬ್ಬರು ಸಿಮ್ ತೆಗೆದಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಫೋನ್ ಕಳೆದುಹೋದರೆ ಬ್ಲಾಕ್ ಮಾಡಿಸುವುದೂ ಇದೇ ಜಾಗದಲ್ಲಿ. ಅದಕ್ಕೆ ಫೋನಿನ ಐಎಂಇಐ ಸಂಖ್ಯೆ ಬೇಕು. *#06# ಒತ್ತಿದರೆ ಅದು ಕಾಣುತ್ತದೆ. ಈಗಲೇ ಪುಸ್ತಕದಲ್ಲಿ ಬರೆದಿಡಿ. ದುಗ್ಗಮ್ಮನ ಜಾತ್ರೆಯ ನೂಕುನುಗ್ಗಲಿನಲ್ಲಿ ಫೋನ್ ಹೋದಮೇಲೆ ಹುಡುಕಿದರೆ ಎಲ್ಲಿಂದ ಸಿಗಬೇಕು?

ಆಮೇಲೆ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆಯಿರಿ. ನೀವು ಗುರುತಿಸದ ಕಂಪ್ಯೂಟರ್ ಅಲ್ಲಿದ್ದರೆ ತಕ್ಷಣ ಲಾಗ್ ಔಟ್ ಮಾಡಿ. ಪ್ರಿಂಟ್ ತೆಗೆಸಲು ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ತೆರೆದು ಹಾಗೇ ಎದ್ದು ಬಂದವರು ಬಹಳ ಜನ ಇದ್ದಾರೆ. ಅವರ ಮನೆ ಮಾತೆಲ್ಲ ಅಲ್ಲಿ ತೆರೆದೇ ಇರುತ್ತದೆ.

ಹೆಜ್ಜೆ 2: ಆಧಾರ್ ಮತ್ತು ಜೆರಾಕ್ಸ್ ಅಂಗಡಿ

ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ. ನಮ್ಮ ಊರಿನಲ್ಲಿ ಮಾಹಿತಿ ಹೆಚ್ಚು ಸೋರುವುದು ಇಲ್ಲೇ ಅಂತ ನನ್ನ ನಂಬಿಕೆ.

ಕಾಲೇಜು ಅಡ್ಮಿಷನ್, ಹಾಸ್ಟೆಲ್, ಬಾಡಿಗೆ ಮನೆ, ಬ್ಯಾಂಕು, ಗೃಹಲಕ್ಷ್ಮಿ, ಬೆಳೆ ವಿಮೆ. ಎಲ್ಲದಕ್ಕೂ ಆಧಾರ್ ಪ್ರತಿ. ಕೆಲವು ಕಡೆ ಅದು ನಿಜವಾಗಿಯೂ ಬೇಕು. ಬೇರೆ ಕಡೆ ಬರೀ ರೂಢಿ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಖಾಸಗಿ ಕಂಪನಿಗಳು ಆಧಾರ್ ಬೇಕೇ ಬೇಕು ಅಂತ ಒತ್ತಾಯ ಮಾಡಲು ಆಧಾರವಾಗಿದ್ದ ಕಲಮನ್ನು ತೆಗೆದುಹಾಕಿತು. ಹಾಗಾಗಿ ಜಿಮ್‌ನವರು, ಲಾಡ್ಜ್‌ನವರು, ಮನೆ ಮಾಲೀಕರು ಕೇಳಿದರೆ "ಬೇರೆ ಗುರುತಿನ ಚೀಟಿ ನಡೆಯುತ್ತದಾ?" ಅಂತ ಮೊದಲು ಕೇಳಿ. ಎಷ್ಟೋ ಸಲ ಡ್ರೈವಿಂಗ್ ಲೈಸೆನ್ಸ್ ಅಥವಾ ಮತದಾರರ ಚೀಟಿ ಸಾಕಾಗುತ್ತದೆ.

ಕೊಡಲೇಬೇಕಾದಾಗ ಹೀಗೆ ಮಾಡಿ. ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐ ಜಾಲತಾಣದಿಂದ 'ಮಾಸ್ಕ್ಡ್ ಆಧಾರ್' ಇಳಿಸಿಕೊಳ್ಳಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಸಂಖ್ಯೆಯನ್ನೇ ಕೇಳುವ ಕಡೆ 16 ಅಂಕಿಯ ವರ್ಚುವಲ್ ಐಡಿ ಕೊಡಲು ಸಾಧ್ಯವೇ ನೋಡಿ. ಅದನ್ನು ಬೇಕಾದಾಗ ಬದಲಾಯಿಸಬಹುದು, ಆಧಾರ್ ಸಂಖ್ಯೆಯನ್ನು ಬದಲಾಯಿಸಲಾಗದು. ಪ್ರತಿಯ ಮೇಲೆ ಅಡ್ಡಲಾಗಿ, ಅಕ್ಷರ ಮುದ್ರಣಕ್ಕೆ ತಾಗುವ ಹಾಗೆ, ಪೆನ್ನಿನಲ್ಲಿ ಬರೆಯಿರಿ: ಯಾರಿಗೆ, ಯಾವ ಕೆಲಸಕ್ಕೆ, ಯಾವ ತಾರೀಕು. "ಹಾಸ್ಟೆಲ್ ಪ್ರವೇಶಕ್ಕೆ ಮಾತ್ರ" ಅಂತ ಬರೆದು ಸಹಿ ಹಾಕಿದ ಪ್ರತಿಯಲ್ಲಿ ಸಿಮ್ ಖರೀದಿಸುವುದು ಕಷ್ಟ.

ಪ್ರಿಂಟ್ ತೆಗೆಸುವಾಗ ಇನ್ನೊಂದು ವಿಷಯ. ಇಳಿಸಿಕೊಂಡ ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ, ಭಯ ಏನು ಅನ್ನಿಸಬಹುದು. ಆ ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ನಿಮ್ಮನ್ನು ಬಲ್ಲ ಯಾರಿಗಾದರೂ ಗೊತ್ತು. ಆದ್ದರಿಂದ ಫೈಲನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಪ್ರಿಂಟ್ ಆದಮೇಲೆ "ಅಣ್ಣಾ, ಫೈಲ್ ಡಿಲೀಟ್ ಮಾಡಿಬಿಡ್ರಿ, ರೀಸೈಕಲ್ ಬಿನ್ನಲ್ಲೂ ತೆಗೀರಿ" ಅಂತ ಹೇಳಿ, ಅವರು ಅಳಿಸುವವರೆಗೆ ನಿಂತಿರಿ. ವಾಟ್ಸಾಪ್‌ನಲ್ಲಿ ಕಳಿಸಿದ್ದರೆ 'ಡಿಲೀಟ್ ಫಾರ್ ಎವ್ರಿಒನ್' ಒತ್ತಿ. ಹಾಳಾದ ಪ್ರತಿ ಬಂದರೆ ಕೇಳಿ ಪಡೆದು ಮನೆಗೆ ತಂದು ಹರಿಯಿರಿ. ಅಂಗಡಿಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ದಿನಕ್ಕೆ ನೂರಾರು ಜನರ ಕಾಗದ ಬರುವ ಕಂಪ್ಯೂಟರಿಗೆ ಬೀಗ ಇರುವುದಿಲ್ಲ, ಅಷ್ಟೇ.

ಇನ್ನು ಬೆರಳಚ್ಚು. ಆಧಾರ್ ಜೋಡಿಸಿದ ಖಾತೆಯಿಂದ ಬರೀ ಬೆರಳಚ್ಚಿನಲ್ಲೇ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆ ಹಳ್ಳಿಗಳಿಗೆ ನಿಜವಾಗಿಯೂ ಉಪಕಾರಿ. ಆದರೆ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಖಾತೆ ಖಾಲಿ ಮಾಡಿದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ವರದಿಯಾದವು. ಇಲ್ಲಿ ಒಟಿಪಿಯೂ ಬರುವುದಿಲ್ಲ. ಇದಕ್ಕೆ ಮದ್ದು 'ಬಯೋಮೆಟ್ರಿಕ್ ಲಾಕ್'. ಆಧಾರ್ ಆ್ಯಪ್ ಅಥವಾ ಯುಐಡಿಎಐ ಜಾಲತಾಣದಲ್ಲಿ ಮಾಡಬಹುದು. ಒಂದು ಎಚ್ಚರ: ಲಾಕ್ ಇದ್ದರೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ರೇಷನ್ ತರುವ ದಿನ ಸ್ವಲ್ಪ ಹೊತ್ತು ತೆಗೆದು, ಮತ್ತೆ ಹಾಕಬೇಕು. ಮನೆಯ ಹಿರಿಯರಿಗೆ ಇದನ್ನು ಮಕ್ಕಳು ಮಾಡಿಕೊಡಬೇಕು. ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅನ್ನುವ ಇತಿಹಾಸವೂ ಅಲ್ಲೇ ಸಿಗುತ್ತದೆ. ಗೊಂದಲ ಇದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ.

ಹೆಜ್ಜೆ 3: ಕೌಂಟರಿನಲ್ಲಿ ನಂಬರ್ ಕೇಳಿದರೆ

"ನಂಬರ್ ಬ್ಯಾಡ್ರಿ, ಹಂಗೇ ಬಿಲ್ ಹಾಕ್ರಿ." ಇಷ್ಟು ಸಾಕು. ಗ್ರಾಹಕರ ನಂಬರಿಗೆ ಪಟ್ಟು ಹಿಡಿಯಬಾರದು ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ಆದರೂ ಒತ್ತಾಯ ಮಾಡಿದರೆ ಗ್ರಾಹಕ ಸಹಾಯವಾಣಿ 1915 ಇದೆ. ಬ್ಯಾಂಕಿಗೆ ಒಂದು ನಂಬರ್, ಅಂಗಡಿ ಮತ್ತು ಆನ್‌ಲೈನ್ ಖರೀದಿಗೆ ಇನ್ನೊಂದು ನಂಬರ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಬ್ಯಾಂಕಿನ ವಿಷಯ ಹೇಳಿಕೊಂಡು ಅಂಗಡಿ ನಂಬರಿಗೆ ಕರೆ ಬಂದರೆ, ಅದು ಸುಳ್ಳು ಅಂತ ಮಾತಾಡುವ ಮೊದಲೇ ಗೊತ್ತಾಗುತ್ತದೆ.

ಅಂಕಪಟ್ಟಿ ವಿಷಯ ಹೇಳಿದ್ದೆನಲ್ಲ. ದಾವಣಗೆರೆ ಕಾಲೇಜುಗಳ ಊರು. ಪಿಯುಸಿ ರಿಸಲ್ಟ್ ಬಂದ ವಾರ ಸೀಟು ಕೊಡಿಸುತ್ತೇವೆ ಅನ್ನುವವರ ಕರೆಗಳು ಶುರುವಾಗುತ್ತವೆ. ಮಗುವಿನ ರಿಜಿಸ್ಟರ್ ನಂಬರ್, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನ ಎಲ್ಲವೂ ಆ ಒಂದು ಫೋಟೋದಲ್ಲಿದೆ. ಖುಷಿ ಹಂಚಿಕೊಳ್ಳಿ, ಶೇಕಡಾ ಎಷ್ಟು ಅಂತ ಬರೆಯಿರಿ, ಮಗುವಿನ ಕೈಗೆ ಸಿಹಿ ಕೊಟ್ಟ ಫೋಟೋ ಹಾಕಿ. ಅಂಕಪಟ್ಟಿ ಮಾತ್ರ ಬೇಡ.

ಹೆಜ್ಜೆ 4: ಫೋನಿಗೆ ಕೊಟ್ಟ ಅನುಮತಿ ವಾಪಸ್ ತೆಗೆದುಕೊಳ್ಳಿ

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಪರ್ಮಿಷನ್ ಮ್ಯಾನೇಜರ್' ಹುಡುಕಿ. ಕ್ಯಾಮೆರಾ, ಮೈಕ್, ಕಾಂಟ್ಯಾಕ್ಟ್ಸ್, ಎಸ್ಸೆಮ್ಮೆಸ್, ಲೊಕೇಶನ್. ಈ ಐದನ್ನು ಒಂದೊಂದಾಗಿ ತೆರೆದು, ಯಾವ ಆ್ಯಪ್‌ಗೆ ಕೊಟ್ಟಿದ್ದೀರಿ ನೋಡಿ. ಟಾರ್ಚ್ ಆ್ಯಪ್‌ಗೆ ನಿಮ್ಮ ನೆಂಟರ ನಂಬರ್ ಯಾಕೆ? ಪಂಚಾಂಗಕ್ಕೆ ಮೈಕ್ ಯಾಕೆ? ತೆಗೆದುಬಿಡಿ. ನಿಜವಾಗಿ ಬೇಕಿದ್ದರೆ ಅದು ಮತ್ತೆ ಕೇಳುತ್ತದೆ.

ಸಾಲದ ಆ್ಯಪ್‌ಗಳಲ್ಲಿ ಇದು ಪ್ರಾಣಕ್ಕೇ ಬಂದಿದೆ. ಕಾಂಟ್ಯಾಕ್ಟ್ ಪಟ್ಟಿ ಎತ್ತಿಕೊಂಡು, ಕಂತು ತಪ್ಪಿದರೆ ಬಂಧುಗಳಿಗೆಲ್ಲ ಕರೆ ಮಾಡಿ ಮಾನ ಕಳೆಯುವುದೇ ಅವರ ವಸೂಲಿ ದಾರಿ. ಸಾಲ ಕೊಡುವ ಆ್ಯಪ್‌ಗಳು ಕಾಂಟ್ಯಾಕ್ಟ್, ಫೋಟೋ, ಕರೆ ವಿವರ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಕಾಂಟ್ಯಾಕ್ಟ್ಸ್ ಕೇಳುವ ಸಾಲದ ಆ್ಯಪ್ ಕಂಡರೆ ಅಲ್ಲಿಗೇ ನಿಲ್ಲಿಸಿ.

ನೀವು ಕೊಡುವ ಪಟ್ಟಿಯಲ್ಲಿ ಇರುವುದು ಬೇರೆಯವರು ಅನ್ನುವುದನ್ನೂ ನೆನಪಿಡಿ. 2018ರಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಹಗರಣ ಹೊರಬಂತು. ಚುನಾವಣಾ ಪ್ರಚಾರಕ್ಕೆ ಕೆಲಸ ಮಾಡುತ್ತಿದ್ದ ಆ ಕಂಪನಿಗೆ ಸುಮಾರು 8.7 ಕೋಟಿ ಫೇಸ್‌ಬುಕ್ ಬಳಕೆದಾರರ ಮಾಹಿತಿ ಹೋಗಿರಬಹುದು ಅಂತ ಫೇಸ್‌ಬುಕ್ಕೇ ಹೇಳಿತು. ಆ ಮಾಹಿತಿ ಹೋದದ್ದು ಒಂದು ಆ್ಯಪ್ ಮೂಲಕ. ಭಾರತದಲ್ಲಿ ಅದನ್ನು ಹಾಕಿಕೊಂಡವರು 335 ಜನ. ಅವರ ಗೆಳೆಯರ ಮೂಲಕ ಸಿಕ್ಕಿಬಿದ್ದವರು 5.62 ಲಕ್ಷ.

ಅದೇ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ 'ಆ್ಯಡ್ಸ್' ಅಂತ ಇರುತ್ತದೆ. ಅಲ್ಲಿ 'ಅಡ್ವರ್ಟೈಸಿಂಗ್ ಐಡಿ' ಅಳಿಸಿ. ಗೂಗಲ್ ಖಾತೆಗೆ ಹೋಗಿ ವೆಬ್ ಚಟುವಟಿಕೆ ಮತ್ತು ಲೊಕೇಶನ್ ಇತಿಹಾಸ (ಈಗ 'ಟೈಮ್‌ಲೈನ್' ಅಂತ ಹೆಸರು) ನಿಲ್ಲಿಸಿ. ಫೋನ್ ಕದ್ದು ಕೇಳುತ್ತದೆ, ಟ್ರ್ಯಾಕ್ಟರ್ ಅಂದ ಕೂಡಲೇ ಟ್ರ್ಯಾಕ್ಟರ್ ಜಾಹೀರಾತು ಬಂತು ಅನ್ನುವವರಿದ್ದಾರೆ. ಅದಕ್ಕೆ ಮೈಕ್ ಬೇಕಿಲ್ಲ ಸ್ವಾಮಿ. ನೀವು ಎಲ್ಲಿ ನಿಂತಿದ್ದಿರಿ, ಏನು ಹುಡುಕಿದಿರಿ, ಪಕ್ಕದವರು ಏನು ಹುಡುಕಿದರು ಅನ್ನುವುದೇ ಸಾಕಾಗುತ್ತದೆ.

ಮನೆ, ಅಂಗಡಿಗೆ ಸಿಸಿ ಕ್ಯಾಮೆರಾ ಹಾಕಿಸಿದ್ದರೆ ಹಾಕಿಕೊಟ್ಟವರು ಇಟ್ಟ ಪಾಸ್‌ವರ್ಡನ್ನು ಅವತ್ತೇ ಬದಲಾಯಿಸಿ. ಬೀದಿಯ ಕಡೆ ತಿರುಗಿಸಿ, ನಡುಮನೆಗೆ ಬೇಡ.

ಪಾಸ್‌ವರ್ಡ್ ಬಗ್ಗೆ ಎಲ್ಲರೂ ಹೇಳಿದ್ದಾರೆ, ಬೇಗ ಮುಗಿಸುತ್ತೇನೆ. ಇಮೇಲ್‌ಗೆ, ಬ್ಯಾಂಕಿಗೆ ಬೇರೆ ಬೇರೆ ಇರಲಿ. ಎರಡು ಹಂತದ ಪರಿಶೀಲನೆ ಆನ್ ಮಾಡಿ. ವಾಟ್ಸಾಪ್‌ನಲ್ಲೂ ಪಿನ್ ಇಡಿ. ಗ್ರೂಪಿಗೆ ಯಾರು ಸೇರಿಸಬಹುದು ಅನ್ನುವಲ್ಲಿ 'ಮೈ ಕಾಂಟ್ಯಾಕ್ಟ್ಸ್' ಆರಿಸಿ. ಷೇರು ಮಾರುಕಟ್ಟೆಯ ಸುಳ್ಳು ಗ್ರೂಪುಗಳು ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತವೆ. ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಅಂತ ಹೆಸರಿಟ್ಟು ಬರುವ ಎಪಿಕೆ ಫೈಲನ್ನು (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಮುಟ್ಟಲೇಬೇಡಿ. ಕರೆಯೋಲೆ ಅಂದರೆ ಫೋಟೋ ಇರುತ್ತದೆ ಅಥವಾ ಪಿಡಿಎಫ್ ಇರುತ್ತದೆ, ಇನ್‌ಸ್ಟಾಲ್ ಮಾಡುವ ಕರೆಯೋಲೆ ಇಲ್ಲ.

ಹೆಜ್ಜೆ 5: ತೆರೆ ನಿಮಗೆ ಏನು ತೋರಿಸುತ್ತದೆ, ಯಾಕೆ

ಇಲ್ಲಿಂದ ಯೋಚನೆಯ ಭಾಗ. ಇದಕ್ಕೆ ಸೆಟ್ಟಿಂಗ್ಸ್ ಅರ್ಧ ಸಹಾಯ ಮಾಡುತ್ತದೆ, ಉಳಿದರ್ಧ ಅಭ್ಯಾಸ.

ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳದ ರಾಶಿಗೆ ಟೆಂಡರ್ ಆಗುವುದನ್ನು ನೋಡಿದ್ದೀರಲ್ಲ? ನೀವು ಒಂದು ಪುಟ ತೆರೆದಾಗ ಅದೇ ಥರದ ಹರಾಜು ಕಣ್ಣು ಮಿಟುಕಿಸುವುದರೊಳಗೆ ನಡೆದುಹೋಗುತ್ತದೆ. ಯಾವ ಜಾಹೀರಾತು ನಿಮ್ಮ ಮುಂದೆ ಬರಬೇಕು ಅಂತ ಕಂಪನಿಗಳು ಬೆಲೆ ಕೂಗುತ್ತವೆ. ಮಂಡಿಯಲ್ಲಿ ರೈತನಿಗೆ ತನ್ನ ರಾಶಿಯ ಬೆಲೆಯಾದರೂ ತಿಳಿಯುತ್ತದೆ. ಇಲ್ಲಿ ಮಾರಾಟವಾಗುವುದು ನಿಮ್ಮ ಗಮನ, ಬೆಲೆ ಮಾತ್ರ ನಿಮಗೆ ಹೇಳುವುದಿಲ್ಲ. ಗಮನ ಜಾಸ್ತಿ ಹೊತ್ತು ನಿಂತಷ್ಟೂ ಅವರಿಗೆ ದುಡ್ಡು. ಸಿಟ್ಟು, ಹೆದರಿಕೆ, ಹೊಟ್ಟೆಕಿಚ್ಚು ನಮ್ಮನ್ನು ಹೆಚ್ಚು ಹೊತ್ತು ಹಿಡಿದಿಡುತ್ತವೆ. ಅದಕ್ಕೇ ಅಂಥದ್ದೇ ಮೇಲೆ ಬರುತ್ತಿರುತ್ತದೆ.

ಇದು ಬರೀ ಊಹೆ ಅಂದುಕೊಳ್ಳಬೇಡಿ. 2012ರ ಜನವರಿಯಲ್ಲಿ ಫೇಸ್‌ಬುಕ್ ಒಂದು ವಾರ 6,89,003 ಜನರ ಮೇಲೆ ಪ್ರಯೋಗ ಮಾಡಿತು. ಕೆಲವರಿಗೆ ಸಂತೋಷದ ಪೋಸ್ಟ್ ಕಡಿಮೆ ತೋರಿಸಿದರು, ಕೆಲವರಿಗೆ ದುಃಖದ್ದು ಕಡಿಮೆ. ಸಂತೋಷದ್ದು ಕಡಿಮೆ ನೋಡಿದವರು ತಾವು ಬರೆಯುವಾಗಲೂ ಸಂತೋಷದ ಪದಗಳನ್ನು ಕಡಿಮೆ ಬಳಸಿದರು. ವ್ಯತ್ಯಾಸ ಬಹಳ ಸಣ್ಣದು, ನಿಜ. ಆದರೆ ಪ್ರಯೋಗ ನಡೆದದ್ದು ಆ ಜನರಿಗೆ ತಿಳಿದೇ ಇರಲಿಲ್ಲ. 2014ರಲ್ಲಿ ಲೇಖನ ಪ್ರಕಟವಾದಮೇಲೆ ಲೋಕಕ್ಕೆ ಗೊತ್ತಾಯಿತು. ನನ್ನನ್ನು ಕಾಡುವುದು ಈ ಮಾತೇ. ನಿಮ್ಮ ಮನಸ್ಸನ್ನು ನಿಮಗೆ ಹೇಳದೆ ಮುಟ್ಟುವ ಹಕ್ಕು ಯಾರಿಗೂ ಇಲ್ಲ.

ಮಾಡಬೇಕಾದ್ದು: ಯೂಟ್ಯೂಬ್‌ನಲ್ಲಿ ವೀಕ್ಷಣೆಯ ಇತಿಹಾಸ ನಿಲ್ಲಿಸಿ, ಹಳೆಯದನ್ನು ಅಳಿಸಿ. ಮುಖಪುಟ ಖಾಲಿಯಾಗುತ್ತದೆ. ಮೊದಲ ಎರಡು ದಿನ ಏನೋ ಕಳೆದುಕೊಂಡ ಹಾಗೆ ಅನ್ನಿಸುತ್ತದೆ, ಆಮೇಲೆ ಬೇಕಾದ್ದನ್ನು ನೀವೇ ಹುಡುಕಿ ನೋಡಲು ಶುರು ಮಾಡುತ್ತೀರಿ. ಆಟೋಪ್ಲೇ ತೆಗೆಯಿರಿ. ಮನುಷ್ಯರು ಕಳಿಸಿದ ಸಂದೇಶಕ್ಕೆ ಮಾತ್ರ ನೋಟಿಫಿಕೇಶನ್ ಇರಲಿ, ಉಳಿದ ಆ್ಯಪ್‌ಗಳದ್ದೆಲ್ಲ ಆಫ್. ಬೆಳಿಗ್ಗೆ ಎದ್ದ ಕೂಡಲೇ ಫೋನ್ ಮುಟ್ಟದಿದ್ದರೆ ದಿನದ ಮೊದಲ ಯೋಚನೆ ನಿಮ್ಮದೇ ಆಗಿರುತ್ತದೆ. ಒಂದು ದಿನಪತ್ರಿಕೆಯನ್ನು ಪೂರ್ತಿ ಓದುವ ಅಭ್ಯಾಸ ಇಟ್ಟುಕೊಳ್ಳಿ. ಬೆಣ್ಣೆದೋಸೆ ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನವರು ಓದುವ ಸುದ್ದಿಯೇ ನಿಮಗೂ ಸಿಗುತ್ತದೆ, ಮಾತಾಡಲು ಒಂದು ವಿಷಯವೂ ಸಿಗುತ್ತದೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಲೋಕ.

ಹೆಜ್ಜೆ 6: ಫಾರ್ವರ್ಡ್ ಬಂದಾಗ

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಬಳಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ವದಂತಿ ನಂಬಿದ ಗುಂಪು ಒಬ್ಬ ಯುವ ಇಂಜಿನಿಯರನ್ನು ಹೊಡೆದು ಕೊಂದಿತು. ಅಂಥ ಕೊಲೆಗಳಾದ ಮೇಲೆಯೇ ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಅನ್ನುವ ಮಿತಿ ಬಂದದ್ದು. ಆ ಸಂದೇಶ ಕಳಿಸಿದವರಲ್ಲಿ ಹೆಚ್ಚಿನವರು ಮಕ್ಕಳ ಮೇಲಿನ ಕಾಳಜಿಯಿಂದಲೇ ಕಳಿಸಿರಬೇಕು.

ಎರಡು ಬಾಣದ ಗುರುತು ಕಂಡರೆ ಅದು ಬಹಳ ಕೈ ದಾಟಿ ಬಂದದ್ದು ಅಂತ ಅರ್ಥ. ಓದಿದ ಕೂಡಲೇ ಮೈ ಬಿಸಿಯಾದರೆ, ಅದೇ ನಿಲ್ಲಬೇಕಾದ ಗಳಿಗೆ. ಕಳಿಸಿದವರನ್ನು ಕೇಳಿ: "ಇದು ಎಲ್ಲಿಂದ ಬಂತಣ್ಣ?" ಫೋಟೋ ಇದ್ದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ಎಷ್ಟೋ ಸಲ ಅದು ಬೇರೆ ದೇಶದ ಹಳೆಯ ಚಿತ್ರ ಆಗಿರುತ್ತದೆ. ಅಡಿಕೆ ಬೆಲೆ ಬಿತ್ತು, ಬೇಗ ಮಾರಿ ಅಂತ ಚನ್ನಗಿರಿಯ ಗ್ರೂಪಿನಲ್ಲಿ ಬಂದರೆ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಅವತ್ತಿನ ಧಾರಣೆ ನೋಡಿ, ಆಮೇಲೆ ಮಾತಾಡಿ. ಹೆದರಿ ಮಾರಿದವನ ಅಡಿಕೆಯನ್ನು ಕೊಂಡವನಿಗೆ ಲಾಭ ಆಗಿರುತ್ತದೆ, ಅಲ್ವಾ?

ಗ್ರೂಪಿನಲ್ಲಿ ದೊಡ್ಡಪ್ಪನೋ ಮೇಷ್ಟ್ರೋ ಸುಳ್ಳು ಕಳಿಸಿದರೆ ಎಲ್ಲರ ಮುಂದೆ ತಿದ್ದಬೇಡಿ. ಬೇರೆಯಾಗಿ ಫೋನ್ ಮಾಡಿ ಹೇಳಿ. ಅವರೇ ಅಳಿಸುತ್ತಾರೆ. ಎಲ್ಲರೆದುರು ತಿದ್ದಿದರೆ ಮಾನ ಉಳಿಸಿಕೊಳ್ಳಲು ಆ ಸುಳ್ಳನ್ನೇ ಹಿಡಿದು ಕೂರುತ್ತಾರೆ.

ಹೆಜ್ಜೆ 7: ಅವಸರದ ಕರೆ

ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ವಿಡಿಯೋ ಕಾಲ್‌ನಲ್ಲೇ ಇರಿ, ಯಾರಿಗೂ ಹೇಳಬೇಡಿ. ಇದನ್ನು ಡಿಜಿಟಲ್ ಅರೆಸ್ಟ್ ಅನ್ನುತ್ತಾರೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಪೊಲೀಸರು ವಿಡಿಯೋ ಕಾಲ್‌ನಲ್ಲಿ ಬಂಧಿಸುವುದಿಲ್ಲ, ತನಿಖೆಗೆ ಅಂತ ಹಣ ಹಾಕಿಸಿಕೊಳ್ಳುವುದಿಲ್ಲ. "ಯಾರಿಗೂ ಹೇಳಬೇಡಿ" ಅನ್ನುವ ಮಾತು ಬಂತು ಅಂದರೆ ಫೋನ್ ಇಟ್ಟು ಮೊದಲು ಮನೆಯವರಿಗೆ ಹೇಳಿ. ನಿಮ್ಮನ್ನು ಒಂಟಿ ಮಾಡುವುದೇ ಅವರ ಕೆಲಸದ ಮುಕ್ಕಾಲು ಭಾಗ.

ಬ್ಯಾಂಕು, ವಿದ್ಯುತ್ ಕಚೇರಿ, ಕೊರಿಯರ್ ಯಾರೇ ಆಗಲಿ, ಕರೆ ಕತ್ತರಿಸಿ, ಪಾಸ್‌ಬುಕ್ಕಿನಲ್ಲೋ ಬಿಲ್ಲಿನಲ್ಲೋ ಇರುವ ನಂಬರಿಗೆ ನೀವೇ ಕರೆ ಮಾಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಮಗನ ದನಿಯಲ್ಲೇ "ಅಪ್ಪಾ, ಆ್ಯಕ್ಸಿಡೆಂಟ್ ಆಗೈತಿ, ದುಡ್ಡು ಹಾಕು" ಅಂತ ಕೇಳಿಸಬಹುದು. ಈಗ ದನಿಯನ್ನೂ ಯಂತ್ರದಿಂದ ನಕಲು ಮಾಡುತ್ತಾರೆ. ಅದಕ್ಕೆ ಮನೆಯವರೆಲ್ಲ ಕೂತು ಒಂದು ಗುಟ್ಟಿನ ಪ್ರಶ್ನೆ ಇಟ್ಟುಕೊಳ್ಳಿ. ಎಲ್ಲೂ ಪೋಸ್ಟ್ ಮಾಡದ ವಿಷಯ ಆಗಿರಲಿ. ಬೆಂಗಳೂರಿನಲ್ಲಿ ಓದುವ ಮಗ, ಊರಿನಲ್ಲಿರುವ ಅಜ್ಜಿ, ಇಬ್ಬರಿಗೂ ಅದು ಬಾಯಿಪಾಠ ಇರಬೇಕು.

ಹೆಜ್ಜೆ 8: ಆಗಬಾರದ್ದು ಆಗಿಹೋದರೆ

ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲು ತಡೆಯಬೇಕು, ಆದ್ದರಿಂದ ಗಂಟೆಗಳಲ್ಲ, ನಿಮಿಷಗಳ ಲೆಕ್ಕ. ನಂತರ ಬ್ಯಾಂಕಿಗೆ ತಿಳಿಸಿ ಕಾರ್ಡ್, ಯುಪಿಐ ನಿಲ್ಲಿಸಿ. ಸೈಬರ್ ಕ್ರೈಮ್ ರಾಷ್ಟ್ರೀಯ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅಥವಾ ದಾವಣಗೆರೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ನೇರವಾಗಿ ಹೋಗಿ. ಬಂದ ಸಂದೇಶ, ಕರೆಯ ಸಮಯ, ಹಣ ಹೋದ ವಹಿವಾಟಿನ ಸಂಖ್ಯೆ ಯಾವುದನ್ನೂ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ.

ನಿಮ್ಮ ತಪ್ಪಿಲ್ಲದೆ, ಬೇರೆಯವರ ಕೈಚಳಕದಿಂದ ಹಣ ಹೋಗಿದ್ದರೆ ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದ ಗ್ರಾಹಕರ ಮೇಲೆ ನಷ್ಟ ಹೊರಿಸುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. ಬೆರಳಚ್ಚು ನಕಲಿನಂಥ ಪ್ರಕರಣದಲ್ಲಿ ಇದನ್ನು ಹಿಡಿದು ಕೇಳಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬರೆದ ದೂರಿನ ಎರಡು ಪ್ರತಿ ಒಯ್ಯಿರಿ. ಒಂದನ್ನು ಮ್ಯಾನೇಜರಿಗೆ ಕೊಟ್ಟು, ಇನ್ನೊಂದರ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಂಡು, 1930ರಿಂದ ಬಂದ ದೂರಿನ ಸಂಖ್ಯೆಯನ್ನೂ ಅದರ ಮೇಲೆಯೇ ಬರೆದಿಡಿ.